ಧೂಳು ತಿಂದ ಎಂಜಿನ್ನುಗಳು

ಅರಸೀಕೆರೆಯಿಂದ ಹೊರಟು ಹಳೇಬೀಡನ್ನು ಹಾದು ಬೇಲೂರು ಸೇರುವ ಹೊತ್ತಿಗೆ ಸೀಮೆಯೇ ಬದಲಾಗಿರುತ್ತದೆ. ತೆಂಗಿನ ತೋಟಗಳ ಒಣ ಬಯಲು ಹಿಂದೆ ಬಿದ್ದು ಅರೆಮಲೆನಾಡು ಎದುರಾಗುತ್ತದೆ. ಅಲ್ಲಿಂದಾಚೆಗೆ ಚಿಕ್ಕಮಗಳೂರಿನ ಕಾಫಿ ಬೆಟ್ಟಗಳು. ಡಾಂಬರು ಕಾಣದ ಕಾಲದಲ್ಲಿ ಇಂಥ ಹಾದಿಗಳಲ್ಲಿ ಬೇಸಿಗೆಯ ಧೂಳು, ಮಳೆಗಾಲದ ಕೆಸರು ಎರಡೂ ಮಾಮೂಲು. ಎತ್ತಿನ ಗಾಡಿಯವನಿಗೆ ಧೂಳೆಂದರೆ ಕಣ್ಣುಜ್ಜಿಕೊಂಡು ಮುಂದೆ ಸಾಗುವ ಮಾತು. ಮೋಟಾರು ಬಂದ ಮೇಲೆ ಅದೇ ಧೂಳು ಎಂಜಿನ್ನಿನ ಆಯಸ್ಸನ್ನು ನಿರ್ಧರಿಸತೊಡಗಿತು.

ಎಂಜಿನ್ ಕುಡಿಯುವುದು ಪೆಟ್ರೋಲನ್ನಾದರೂ ಅದು ಬದುಕುವುದು ಉಸಿರಿನಿಂದ. ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು 9 ಸಾವಿರ ಲೀಟರ್ ಗಾಳಿ ಬೇಕು. ಆ ಗಾಳಿಯ ಜೊತೆಗೆ ಒಳನುಗ್ಗುವ ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಸೂಕ್ಷ್ಮ ಕಣಗಳಿರುತ್ತವೆ. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವಿನ ಎಣ್ಣೆಯ ಪೊರೆ ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದದ್ದು. ಅಲ್ಲಿ ಸಿಕ್ಕಿಕೊಂಡ ಕಣ ಉಪ್ಪುಕಾಗದದಂತೆ ಲೋಹವನ್ನು ಉಜ್ಜುತ್ತದೆ. ಎಂಜಿನ್ ಆ ದಿನವೇ ನಿಲ್ಲುವುದಿಲ್ಲ. ಮೊದಲು ಎಣ್ಣೆ ಕುಡಿಯತೊಡಗುತ್ತದೆ, ಆಮೇಲೆ ನೀಲಿ ಹೊಗೆ ಉಗುಳುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ, ಕೊನೆಗೊಂದು ದಿನ ದಾರಿಯಲ್ಲೇ ಕೈಕೊಡುತ್ತದೆ.

ಇದ್ದಿಲ ಬಸ್ಸಿನ ಪಾಠ

ಈ ಸತ್ಯವನ್ನು ಕನ್ನಡ ನಾಡಿನ ಮೋಟಾರು ಕೆಲಸಗಾರರು ಅತಿ ಕಷ್ಟದಿಂದ ಕಲಿತದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾಯಿತು; ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತಿತು. ಮೊದಲೇ ರೇಷನ್ನಿನಲ್ಲಿದ್ದ ಪೆಟ್ರೋಲು ಇನ್ನಷ್ಟು ದುರ್ಲಭವಾಯಿತು. ಆಗ ಮೈಸೂರು ಸಂಸ್ಥಾನದ ರಸ್ತೆಗಳಲ್ಲೂ ಇದ್ದಿಲಿನಿಂದ ಓಡುವ ಗ್ಯಾಸ್ ಬಸ್ಸುಗಳು ಕಾಣಿಸಿಕೊಂಡವು.

ಬಸ್ಸಿನ ಬೆನ್ನಿಗೆ ಪೀಪಾಯಿಯಂಥ ಒಲೆಯೊಂದನ್ನು ಬಿಗಿಯುತ್ತಿದ್ದರು. ಅದರೊಳಗಿನ ಇದ್ದಿಲನ್ನು ಕಡಿಮೆ ಗಾಳಿಯಲ್ಲಿ ಉರಿಸಿದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲವೇ ಎಂಜಿನ್ನಿಗೆ ಆಹಾರ. ಹೊರಡುವ ಮೊದಲು ಕ್ಲೀನರ್ ಹುಡುಗ ಕೈಚಕ್ರ ತಿರುಗಿಸಿ ಗಾಳಿ ಊದಬೇಕು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಚ್ಚರ ತಪ್ಪಿದರೆ ಆಳೇ ಮೂರ್ಛೆ ಬೀಳುವಂಥ ವಿಷ. ಎಂಜಿನ್ನಿನ ಶಕ್ತಿ ಮೂರನೇ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟು ಕುಗ್ಗುತ್ತಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದ ಕಥೆಗಳು ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿದ್ದವು.

ಆದರೆ ಬಸ್ಸಿನವರಿಗೆ ಅದಕ್ಕಿಂತ ದೊಡ್ಡ ಚಿಂತೆ ಬೂದಿಯದು. ಗ್ಯಾಸಿನೊಂದಿಗೆ ಬರುವ ಬೂದಿ ಮತ್ತು ಇದ್ದಿಲ ಪುಡಿ ಸಿಲಿಂಡರನ್ನು ಸವೆಸುತ್ತಿದ್ದವು. ಸರಿಯಾಗಿ ಸುಡದ ಇದ್ದಿಲಾದರೆ ಟಾರಿನಂಥ ಅಂಟು ವಾಲ್ವುಗಳನ್ನು ಕಚ್ಚಿ ಹಿಡಿಯುತ್ತಿತ್ತು. ಅದಕ್ಕಾಗಿ ಒಲೆಗೂ ಎಂಜಿನ್ನಿಗೂ ನಡುವೆ ಶೋಧಕಗಳ ಸಾಲು ಇರುತ್ತಿತ್ತು. ಮೊದಲನೆಯದರಲ್ಲಿ ಗ್ಯಾಸನ್ನು ಸುಂಟರಗಾಳಿಯಂತೆ ಸುತ್ತಿಸಿ ದಪ್ಪ ಕಣಗಳನ್ನು ಗೋಡೆಗೆ ಎಸೆಯುವ ಏರ್ಪಾಡು. ಆಮೇಲೆ ನಾರು, ಬಟ್ಟೆ ಅಥವಾ ಎಣ್ಣೆಯ ಜರಡಿ. ದಿನವೂ ಬೂದಿ ತೆಗೆದು, ಬಟ್ಟೆ ಕೊಡವಿ, ಎಣ್ಣೆಯನ್ನು ಬೇಗ ಬೇಗ ಬದಲಿಸಿದವನ ಬಸ್ಸು ಓಡಿತು. ಸೋಮಾರಿಯ ಬಸ್ಸು ಶೆಡ್ಡು ಸೇರಿತು.

ಜೀಪು, ರೈಲು, ಎಣ್ಣೆಯ ಪರೀಕ್ಷೆ

ಯುದ್ಧಕ್ಕಾಗಿ ಹುಟ್ಟಿದ ಜೀಪು ಇದಕ್ಕೆ ಇನ್ನೊಂದು ಉಪಾಯವನ್ನು ತಂದಿತು. ಅದರ ಏರ್ ಕ್ಲೀನರಿನ ತಳದಲ್ಲಿ ಎಣ್ಣೆ ತುಂಬಿದ ಬಟ್ಟಲು. ಒಳಬರುವ ಗಾಳಿ ಎಣ್ಣೆಯ ಮೇಲ್ಮೈ ಬಳಿ ಥಟ್ಟನೆ ಮೇಲಕ್ಕೆ ತಿರುಗಬೇಕು. ಭಾರವಾದ ಧೂಳು ತಿರುಗಲಾರದೆ ಎಣ್ಣೆಯಲ್ಲಿ ಮುಳುಗುತ್ತದೆ. ಮಹೀಂದ್ರ ಕಂಪೆನಿ 1947ರಿಂದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ ಇಂಥ ವಾಹನ ಕಾಫಿ ತೋಟಗಳಿಗೂ ಬಂದು ಬೇರೂರಿತು.

ತಡೆಯುವುದು ಒಂದು ವಿದ್ಯೆಯಾದರೆ ರೋಗ ಪತ್ತೆಹಚ್ಚುವುದು ಇನ್ನೊಂದು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಬೇರಿಂಗಿನ ಸದ್ದು ಕೇಳುವ ಮೆಕ್ಯಾನಿಕ್ ವೈದ್ಯನಿಗೆ ಸಮ. ಕಿವಿಗೆ ಕೇಳುವ ಮೊದಲೇ ತಿಳಿಯುವ ದಾರಿ ಸಿಕ್ಕಿದ್ದು ರೈಲಿನಿಂದ. 1940ರ ದಶಕದಲ್ಲಿ ಅಮೆರಿಕದ ರೈಲ್ವೆ ಕಂಪೆನಿಗಳು ಡೀಸೆಲ್ ಎಂಜಿನ್ನುಗಳ ಬಳಸಿದ ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಅದರಲ್ಲಿನ ಲೋಹದ ಅಂಶವನ್ನು ಅಳೆಯತೊಡಗಿದವು. ಎಣ್ಣೆಯಲ್ಲಿ ಕಬ್ಬಿಣ ಹೆಚ್ಚಿದರೆ ಸಿಲಿಂಡರ್ ಅಥವಾ ರಿಂಗು ಸವೆಯುತ್ತಿರಬಹುದು. ತಾಮ್ರ, ಸೀಸ ಕಂಡರೆ ಬೇರಿಂಗಿನ ಕಡೆ ನೋಡಬೇಕು. ಸಿಲಿಕಾನ್ ಏರಿದರೆ ಧೂಳು ಒಳಬಂದಿದೆಯೆಂದೇ ಮೊದಲ ಅನುಮಾನ. ಮನುಷ್ಯನ ರಕ್ತಪರೀಕ್ಷೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಮರುಭೂಮಿಯ ರೇಸುಗಳು ಈ ಎಲ್ಲ ವಿದ್ಯೆಗಳನ್ನು ಒಟ್ಟಿಗೆ ಒರೆಗೆ ಹಚ್ಚಿದವು. ಮೆಕ್ಸಿಕೋದ ಬಾಹಾ ಓಟ 1967ರಲ್ಲಿ, ಪ್ಯಾರಿಸ್–ಡಾಕರ್ ಓಟ 1978ರ ಡಿಸೆಂಬರಿನಲ್ಲಿ ಆರಂಭವಾದವು. ಅಲ್ಲಿ ಓಡುವ ಟ್ರಕ್ಕುಗಳು ಚಕ್ರದ ಧೂಳಿಗೆ ಸಿಗದಂತೆ ಎತ್ತರದಿಂದ ಗಾಳಿ ಎಳೆಯುತ್ತವೆ. ಆ ಗಾಳಿಯನ್ನು ಸುತ್ತಿಸಿ ಮರಳನ್ನು ಬೇರ್ಪಡಿಸಿದ ಬಳಿಕವೇ ಫಿಲ್ಟರಿಗೆ ಬಿಡುತ್ತವೆ. ಇದ್ದಿಲ ಬಸ್ಸಿನ ಸುಂಟರಗಾಳಿಯ ತತ್ತ್ವವೇ ಅದು. ನಮ್ಮಲ್ಲೂ 2010ರ ದಶಕದಲ್ಲಿ ಏಷ್ಯಾ–ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಬೇಲೂರಿನಾಚೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುಹಾದಿಗಳಲ್ಲಿ ನಡೆಯಿತು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟಾರ್ ಸೈಕಲ್ಲಿನಲ್ಲಿ ಡಾಕರ್ ಓಟವನ್ನು ಪೂರೈಸಿದ ಮೊದಲ ಭಾರತೀಯರೆನಿಸಿದರು.

ಒಳ್ಳೆಯ ಫಿಲ್ಟರ್ ಇದ್ದೂ ಎಂಜಿನ್ ಕೆಡುವುದುಂಟು. ಬಹಳ ಸಲ ಧೂಳು ಒಳಬರುವುದು ಫಿಲ್ಟರಿನ ಮೂಲಕವಲ್ಲ, ಅದರ ಪಕ್ಕದಿಂದ: ಸಡಿಲವಾದ ಕ್ಲಿಪ್ಪು, ಬಿರಿದ ರಬ್ಬರ್ ಪೈಪು, ಸರಿಯಾಗಿ ಕೂರದ ಮುಚ್ಚಳ. ಫಿಲ್ಟರಿನಿಂದಾಚೆಗಿನ ಪೈಪಿನೊಳಗೆ ಬೆರಳಾಡಿಸಿದಾಗ ಧೂಳು ಹತ್ತಿದರೆ ಸೋರಿಕೆ ಖಚಿತ. ಕಾಗದದ ಫಿಲ್ಟರಿಗೆ ಜೋರಾಗಿ ಗಾಳಿ ಊದಿಸಿ ‘ಕ್ಲೀನ್’ ಮಾಡುವ ಅಭ್ಯಾಸವೂ ಅಪಾಯಕರ; ಕಣ್ಣಿಗೆ ಕಾಣದ ಒಂದು ಹರಿತವೇ ಧೂಳಿಗೆ ಹೆಬ್ಬಾಗಿಲು.

ರೇಸಿನಲ್ಲಿ ಎಂಜಿನ್ ಹೋದರೆ ಒಂದು ಪದಕ ತಪ್ಪುತ್ತದೆ. ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡವನಿಗೆ ಉಳುಮೆಯ ಹಂಗಾಮೇ ತಪ್ಪುತ್ತದೆ. ಎಂಬತ್ತು ವರ್ಷಗಳ ಹಿಂದೆ ಒಬ್ಬ ಕ್ಲೀನರ್ ಹುಡುಗ ದಿನವೂ ಬಟ್ಟೆ ಕೊಡವುತ್ತಿದ್ದುದು ಯಜಮಾನನ ಭಯಕ್ಕೇ ಇರಬಹುದು. ಆದರೆ ಎಂಜಿನ್ನಿನ ಆಯಸ್ಸು ಅವನ ಕೈಯಲ್ಲಿತ್ತು.