ಒಂದೇ ನಾಡಿನ ಹಲವು ಚಳಿಗಾಲಗಳು

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ಹಿಮ ಬೀಳುವ ನಾಡಿನವರಿಗೆ ಇದು ಚಳಿಯೆಂದೇ ಅನಿಸಲಿಕ್ಕಿಲ್ಲ. ಆದರೆ ಕರ್ನಾಟಕದೊಳಗೇ ನೋಡಿದರೆ, ಮಂಗಳೂರಿನವರಿಗೂ ಅಂಥ ಚಳಿಯ ಅನುಭವವಿಲ್ಲ. ಅಲ್ಲಿ ಜನವರಿಯ ರಾತ್ರಿಯಲ್ಲೂ ಉಷ್ಣಾಂಶ ಸರಾಸರಿ 21 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇತ್ತ ಬೀದರ್, ವಿಜಯಪುರಗಳಲ್ಲಿ ಕೆಲವು ವರ್ಷ ಅದು ಹತ್ತಕ್ಕಿಂತ ಕೆಳಗಿಳಿಯುವುದುಂಟು. ಪಂಚಾಂಗದ ಮಾರ್ಗಶಿರ, ಪುಷ್ಯ ಎಲ್ಲರಿಗೂ ಒಂದೇ. ಆ ಎರಡು ತಿಂಗಳು ಮನೆಯೊಳಗೆ ಕಳೆಯುವ ರೀತಿ ಮಾತ್ರ ಊರಿಂದೂರಿಗೆ ಬೇರೆ.

ಕರಾವಳಿಯಲ್ಲಿ ಚಳಿಗಾಲವೆಂದರೆ ಮನೆಯ ಬಾಗಿಲು ತೆರೆಯುವ ಕಾಲ. ಸಮುದ್ರದ ನೀರು ನೆಲದಷ್ಟು ಬೇಗ ಕಾಯುವುದೂ ಇಲ್ಲ, ಆರುವುದೂ ಇಲ್ಲ. ಆದ್ದರಿಂದ ರಾತ್ರಿಗಳು ಹಿತವಾಗಿರುತ್ತವೆ. ಅಲ್ಲಿನವರು ಮನೆಯೊಳಗೆ ಮುದುಡಿ ಕುಳಿತುಕೊಳ್ಳುವುದು ಮಳೆಗಾಲದಲ್ಲಿ. ಕಟ್ಟಿಗೆ, ಹುಣಿಸೆ, ಒಣಮೀನು, ಹಪ್ಪಳಗಳ ಸಂಗ್ರಹವೆಲ್ಲ ಆಟಿ ತಿಂಗಳಿಗಾಗಿಯೇ ಹೊರತು ಚಳಿಗಾಗಿ ಅಲ್ಲ. ದೀಪಾವಳಿ ಕಳೆಯುತ್ತಲೇ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಕಂಬಳದ ಗದ್ದೆಗಳು ಸಜ್ಜಾಗುತ್ತವೆ, ಭೂತಕೋಲಗಳು ಆರಂಭವಾಗುತ್ತವೆ. ಇಡೀ ರಾತ್ರಿ ಬಯಲಿನಲ್ಲಿ ಕುಳಿತು ಆಟ ನೋಡುವ ಸಂಪ್ರದಾಯ ಬೆಳೆಯಲು ಈ ಬೆಚ್ಚನೆಯ, ಮಳೆಯಿಲ್ಲದ ರಾತ್ರಿಗಳ ಆಸರೆ ಬೇಕಾಗಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಕೆಂಪು ಹೆಂಚಿನ ಇಳಿಜಾರು ಮಾಡು ಕೂಡ ಮಳೆಗೆ ಕೊಟ್ಟ ಉತ್ತರ. ಚಳಿಯನ್ನು ತಡೆಯುವ ಹೊಣೆ ಅದಕ್ಕಿರಲಿಲ್ಲ.

ಘಟ್ಟ ಹತ್ತಿದರೆ ದೃಶ್ಯವೇ ಬದಲು. ತೀರ್ಥಹಳ್ಳಿ, ಸಾಗರ, ಶಿರಸಿಗಳ ಕಡೆ ಬೆಳಗಿನ ಇಬ್ಬನಿ ಕರಗುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಇದೇ ಸಮಯಕ್ಕೆ ಅಡಿಕೆಯ ಕೊನೆ ಕೊಯ್ಲು. ಹಗಲು ಇಳಿಸಿದ ಅಡಿಕೆಯನ್ನು ರಾತ್ರಿಯೇ ಸುಲಿದು, ಬೇಯಿಸಿ ಮುಗಿಸಬೇಕು. ನೆರೆಹೊರೆಯ ಗಂಡಸರು, ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕುಳಿತರೆ, ಪಕ್ಕದಲ್ಲಿ ದೊಡ್ಡ ಹಂಡೆಯಲ್ಲಿ ಚೊಗರಿನ ಜೊತೆ ಅಡಿಕೆ ಕುದಿಯುತ್ತಿರುತ್ತದೆ. ಚಳಿ ಕಾಯಿಸಿಕೊಳ್ಳಲು ಬೇರೆ ಬೆಂಕಿಯ ಅಗತ್ಯವಿರಲಿಲ್ಲ. ಊರಿನ ಸುದ್ದಿ, ಹಳೆಯ ಕತೆ, ಮದುವೆಯ ಮಾತುಕತೆ ಎಲ್ಲವೂ ಆ ಒಲೆಯ ಸುತ್ತ ನಡೆದವು. ಮನೆಯ ಅಂಗಳಕ್ಕೆ ಚಪ್ಪರ ಏರಿಸಿ, ಅದರ ಮೇಲೆ ಬೆಂದ ಅಡಿಕೆ ಹರವುತ್ತಿದ್ದರು. ಮನೆಯೊಳಗೆ ಬಚ್ಚಲ ಒಲೆಯ ತಾಮ್ರದ ಹಂಡೆಯಲ್ಲಿ ಬಿಸಿನೀರಿಗೆ ಬರವಿಲ್ಲ. ಕಾಡಿನ ಕಟ್ಟಿಗೆ ಹೇರಳವಾಗಿದ್ದ ಸೀಮೆಗಷ್ಟೇ ಸಾಧ್ಯವಿದ್ದ ಸುಖ ಅದು.

ಬಯಲುಸೀಮೆಯ ಉತ್ತರಕ್ಕೆ ಆ ಸುಖವಿರಲಿಲ್ಲ. ವಿಜಯಪುರ, ಕಲಬುರಗಿ, ಬೀದರ್‌ಗಳ ಬಯಲಿನಲ್ಲಿ ಕಟ್ಟಿಗೆ ಕಡಿಮೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳುಗಳೇ ಉರುವಲು. ಆಕಾಶ ನಿಚ್ಚಳವಾಗಿದ್ದು ಗಾಳಿ ಒಣಗಿರುವುದರಿಂದ ಹಗಲಿನ ಕಾವು ಸಂಜೆಯಾಗುತ್ತಲೇ ಹಾರಿಹೋಗುತ್ತದೆ. ಮಧ್ಯಾಹ್ನ ಮೂವತ್ತು ಡಿಗ್ರಿ ಇದ್ದ ಊರು ಬೆಳಗಿನ ಜಾವ ನಡುಗುತ್ತದೆ. ಇದಕ್ಕೆ ಜನ ಕಂಡುಕೊಂಡ ಪರಿಹಾರ ಮಾಳಿಗೆ ಮನೆ. ಎರಡು-ಮೂರು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮರದ ತೊಲೆಗಳ ಮೇಲೆ ಮಣ್ಣು ಹೇರಿದ ಸಪಾಟು ಮೇಲ್ಛಾವಣಿ, ಕಿಟಕಿಯ ಬದಲು ಮೇಲಿನಿಂದ ಬೆಳಕು ಬಿಡುವ ಕಿಂಡಿ. ಹಗಲೆಲ್ಲ ನಿಧಾನವಾಗಿ ಕಾಯ್ದ ಗೋಡೆ ರಾತ್ರಿಯೆಲ್ಲ ನಿಧಾನವಾಗಿ ಆರುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎಂಬ ಹಳಬರ ಮಾತಿನ ಹಿಂದಿನ ಲೆಕ್ಕ ಇಷ್ಟೇ. ಅನೇಕ ಮನೆಗಳಲ್ಲಿ ಬಾಗಿಲು ದಾಟಿದೊಡನೆ ತಗ್ಗಿನ ಭಾಗದಲ್ಲಿ ಎತ್ತು-ಎಮ್ಮೆ, ಅದಕ್ಕಿಂತ ಎತ್ತರದ ಪಡಸಾಲೆಯಲ್ಲಿ ಜನ. ದನಗಳನ್ನು ಒಳಗೆ ಕಟ್ಟಲು ಕಳ್ಳರ ಭಯವೂ ಕಾರಣವಾಗಿದ್ದೀತು. ಆದರೆ ಆ ಮೈಗಳ ಕಾವು ಚಳಿಗಾಲದಲ್ಲಿ ಮನೆಮಂದಿಗೂ ಒದಗುತ್ತಿತ್ತು.

ಇದೇ ಸೀಮೆಯ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅರಸನಿಗೆ ಋತುವಿಗೆ ತಕ್ಕ ಉಡುಪನ್ನು ಹೇಳಿದ್ದಾನೆ. ಒಕ್ಕಲು ಮನೆಯಲ್ಲಿ ಅಂಥ ಆಯ್ಕೆ ಎಲ್ಲಿಯದು? ಅಲ್ಲಿದ್ದದ್ದು ಕೌದಿ. ಹರಿದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿದ ಈ ಹೊದಿಕೆಯೊಳಗೆ ಒಂದು ಸಂಸಾರದ ಹತ್ತಾರು ವರ್ಷಗಳ ಬಟ್ಟೆಯೆಲ್ಲ ಸೇರಿರುತ್ತಿತ್ತು.

ರಾತ್ರಿ ಹೀಗೆ ಮುದುಡಿದ ಮನೆ ಹಗಲಾದರೆ ಹೊಲಕ್ಕೇ ಹೋಗಿಬಿಡುತ್ತದೆ. ಹಿಂಗಾರಿ ಜೋಳ ಎದೆಯೆತ್ತರ ನಿಂತ ಎಳ್ಳಮಾವಾಸ್ಯೆಯಂದು ಗಾಡಿ ಕಟ್ಟಿಕೊಂಡು ಹೋಗಿ, ಭೂಮಿಗೆ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಉಣ್ಣುವುದು ವಾಡಿಕೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಹತ್ತೆಂಟು ಕಾಳು-ಕಾಯಿಪಲ್ಯೆ ಸೇರಿದ ಭಜ್ಜಿ, ಶೇಂಗಾದ ಹೋಳಿಗೆ, ಅಂಬಲಿ. ಎಳ್ಳು, ಸಜ್ಜೆ, ಶೇಂಗಾ ಮೈಗೆ ಕಾವು ಕೊಡುತ್ತವೆಂದು ಜನರ ನಂಬಿಕೆ. ಮುಂಗಾರಿನ ಈ ಬೆಳೆಗಳೆಲ್ಲ ಆ ಹೊತ್ತಿಗೆ ಮನೆ ಸೇರಿರುತ್ತವೆಂಬುದನ್ನೂ ಮರೆಯುವಂತಿಲ್ಲ. ಕಡಲೆ ಹೊಲದ ಮೇಲೆ ರಾತ್ರಿ ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆನೆದ ಅದನ್ನು ಬೆಳಗ್ಗೆ ಹಿಂಡಿ ಹುಳಿ ತೆಗೆಯುವ ಜಾಣತನವೂ ಈ ನೆಲದ್ದೇ.

ಹಳೆಯ ಮೈಸೂರಿನ ಕಡೆ ಚಳಿಗಾಲವನ್ನು ಮೂಗೇ ಹೇಳಿಬಿಡುತ್ತದೆ. ಅವರೆಕಾಯಿಯ ಸೊಗಡು ಇಬ್ಬನಿ ಬಿದ್ದಷ್ಟೂ ಹೆಚ್ಚುತ್ತದೆನ್ನುತ್ತಾರೆ. ಬೀದಿಬೀದಿಯಲ್ಲಿ ರಾಶಿ, ಮನೆಮನೆಯಲ್ಲಿ ಹಿತಕಿದ ಬೇಳೆ. ರಾಗಿ ಒಕ್ಕಣೆಯ ಕಾಲವೂ ಇದೇ ಆದ್ದರಿಂದ ಮನೆಯ ಗಂಡಸರು ಕಣದಲ್ಲೇ ಮಲಗಿ ರಾಶಿ ಕಾಯುತ್ತಿದ್ದರು. ಅವರ ಮೈಮೇಲೆ ಇದ್ದದ್ದು ಕುರುಬರು ನೇಯ್ದ ಕರಿಯ ಕಂಬಳಿ. ನೇಯುವ ಮೊದಲು ಉಣ್ಣೆಯ ನೂಲಿಗೆ ಹುಣಿಸೆ ಬೀಜದ ಗಂಜಿ ಹಾಕಿ ಬಿಗಿಗೊಳಿಸುತ್ತಿದ್ದರು. ಚಳಿಗೂ ಮಳೆಗೂ ಹಾಸಿಗೆಗೂ ಅದೊಂದೇ.

1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಸಿದ ಮೇಲೆ ಬಂದ ಇಂಗ್ಲಿಷರು ತಮ್ಮ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಯ ಗೂಡು, ಹೊಗೆಗೊಳವೆ ಕಟ್ಟಿಸಿಕೊಂಡರು. ವರ್ಷಕ್ಕೆ ಎಷ್ಟು ದಿನ ಅದರಲ್ಲಿ ಬೆಂಕಿ ಉರಿಯಿತೋ! ಚಳಿಗಿಂತ ತವರಿನ ನೆನಪೇ ಅವನ್ನು ಕಟ್ಟಿಸಿರಬೇಕು. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆ ಕಂಡ ಟಿಬೆಟನ್ನರು ನಗರಗಳ ಬೀದಿಬದಿಯಲ್ಲಿ ಸ್ವೆಟರ್ ಮಾರಲು ಬಂದು ಈ ಕತೆಗೆ ಇನ್ನೊಂದು ಬಣ್ಣ ಸೇರಿಸಿದರು.

ಈಗ ಮನೆಗಳು ಬೀದರ್‌ನಿಂದ ಚಾಮರಾಜನಗರದವರೆಗೆ ಒಂದೇ ಅಚ್ಚಿನವು. ತೆಳುವಾದ ಕಾಂಕ್ರೀಟ್ ಚಾವಣಿ ಇಲ್ಲವೆ ತಗಡು. ಮಾಳಿಗೆಗೆ ವರ್ಷವರ್ಷ ಮಣ್ಣು ಹಾಕುವವರಿಲ್ಲ, ತೊಲೆಗೆ ಮರವಿಲ್ಲ. ಸೋರುವ ಮಾಳಿಗೆ ಕುಸಿದು ಪ್ರಾಣ ಹೋದದ್ದೂ ಉಂಟು. ಬದಲಾಯಿಸಿದವರನ್ನು ದೂರುವಂತಿಲ್ಲ. 1991–92ರಲ್ಲಿ ಆರಂಭವಾದ ಆಶ್ರಯದಂಥ ಸರ್ಕಾರಿ ವಸತಿ ಯೋಜನೆಗಳು ಸೂರಿಲ್ಲದವರಿಗೆ ಸೂರು ಕೊಟ್ಟವು ನಿಜ. ಆದರೆ ಆ ಮನೆಗಳ ನಕ್ಷೆ ಊರಿನ ಹವೆಗಿಂತ ಅನುದಾನದ ಮೊತ್ತಕ್ಕೇ ಹೆಚ್ಚು ಹೊಂದಿಕೊಂಡಿತು. ತಗಡಿನ ಕೆಳಗೆ ಬಯಲುಸೀಮೆಯ ಪುಷ್ಯ ಮಾಸದ ರಾತ್ರಿ ಹೊರಗಿನಷ್ಟೇ ತಣ್ಣಗಿರುತ್ತದೆ.

ಆ ಮನೆಗಳಲ್ಲೂ ಉಳಿದುಕೊಂಡಿರುವುದು ಕೌದಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿದ ಬಣ್ಣಬಣ್ಣದ ಕೌದಿಗಳು ನಗರದ ಪ್ರದರ್ಶನಗಳಿಗೂ ಬಂದಿವೆ. ಆದರೆ ಕೌದಿಗೆ ಬೇಕಾದ್ದು ನೂರು ಸಲ ಒಗೆದು ಮೆತ್ತಗಾದ ಹತ್ತಿಯ ಸೀರೆ. ಈಗ ಪೆಟ್ಟಿಗೆಯ ತಳದಲ್ಲಿ ಸಿಗುವುದು ಪಾಲಿಯೆಸ್ಟರ್. ಅದು ಸೂಜಿಯ ಕೆಳಗೆ ಜಾರುತ್ತದೆ, ಮೈಗೂ ಅಂಟಿ ನಿಲ್ಲುವುದಿಲ್ಲ.