ಕೋಳಿಯ ಗರಿಗೂ ಒಂದು ಚರಿತ್ರೆ

ರಾಜ್ಯೋತ್ಸವದ ಸಂಚಿಕೆಯಲ್ಲಿ ಪುಲಿಕೇಶಿಯನ್ನೋ ಕೃಷ್ಣದೇವರಾಯನನ್ನೋ ಸ್ಮರಿಸುವುದು ವಾಡಿಕೆ. ನಾವು ಹುಂಜದ ಗರಿಯೊಂದನ್ನು ಹಿಡಿದುಕೊಂಡು ಬಂದರೆ ವಾಚಕರು ನಕ್ಕಾರು. ನಗಲಿ. ಆದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಈ ವಿಷಯವನ್ನು ಹಗುರವೆಂದೆಣಿಸಲಿಲ್ಲ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಅವನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಕೋಳಿಕಾಳಗಕ್ಕೂ ಸ್ಥಾನವುಂಟು. ಅವನಿಗೂ ಹಿಂದೆ, 6ನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ ಕೋಳಿಯ ಲಕ್ಷಣಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ದಂಡಿಯ 'ದಶಕುಮಾರಚರಿತ'ದಲ್ಲಿ ಕಾದುವ ಎರಡು ಹುಂಜಗಳಲ್ಲಿ ಒಂದು ನಾರಿಕೇಲ ಜಾತಿಯದು, ಇನ್ನೊಂದು ಬಲಾಕಾ ಜಾತಿಯದು. ಬಲಾಕವೆಂದರೆ ಕೊಕ್ಕರೆ. ಕೋಳಿಗೆ ಬೇರೊಂದು ಹಕ್ಕಿಯ ಹೆಸರನ್ನಿಡುವ ಪದ್ಧತಿ ಅಷ್ಟು ಹಳೆಯದು.

ಇದೇ ಪದ್ಧತಿ ನಮ್ಮ ನೆರೆಯ ಆಂಧ್ರದಲ್ಲಿ ಇಂದಿಗೂ ನಡೆದಿದೆ. ಅಲ್ಲಿ ಕಾಳಗದ ಹುಂಜಗಳನ್ನು ಗರಿ ನೋಡಿ ಕಾಕಿ, ಡೇಗ, ನೆಮಲಿ ಎಂದು ಕರೆಯುತ್ತಾರೆ. ಕಾಗೆ, ಗಿಡುಗ, ನವಿಲು ಎಂದರ್ಥ. ದೇಶದ ಹೆಸರಾಂತ ಅಸೀಲ್ ತಳಿಯಲ್ಲಿಯಾದರೋ ಹೆಸರುಗಳೆಲ್ಲ ಹಿಂದೂಸ್ತಾನಿ: ಹೊನ್ನಿನ ಕೆಂಪಿಗೆ ಪೀಲಾ, ಕಪ್ಪು-ಕೆಂಪಿಗೆ ಯಾಕೂಬ್, ಬಿಳುಪಿಗೆ ನೂರಿ, ಅಚ್ಚ ಕಪ್ಪಿಗೆ ಕಾಗರ್, ಕಪ್ಪು-ಬಿಳುಪಿನ ಬೆರಕೆಗೆ ಚಿತ್ತಾ. ಯಾವ ನಾಡಿನವರು ಯಾವ ಭಾಷೆಯಲ್ಲಿ ಕೋಳಿ ಸಾಕಿದರೆಂಬುದು ಹೆಸರಿನಿಂದಲೇ ತಿಳಿಯುತ್ತದೆ.

ಇನ್ನು ನಮ್ಮವರಲ್ಲಿ ಎಷ್ಟೋ ಮಂದಿಯ ತವರಾದ ತುಳುನಾಡಿಗೆ ಬರೋಣ. ಅಲ್ಲಿ ಕೋಳಿ ಅಂಕವು ಜಾತ್ರೆ, ನೇಮಗಳ ಜೊತೆಗೇ ಬೆಳೆದುಬಂದದ್ದು. ಥರ್ಸ್ಟನ್ನನು 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿಗಳ ವೃತ್ತಾಂತವನ್ನು ಪ್ರಕಟಿಸಿದಾಗ, ಬಂಟರ ಪ್ರಕರಣದಲ್ಲಿ ಕಂಬಳದೊಡನೆ ಕೋಳಿ ಅಂಕವನ್ನೂ ವರ್ಣಿಸಿದನು. ಅಂಕದ ಜನರಿಗೆ ಕೋಳಿಯೆಂದರೆ ಬರಿಯ ಕೋಳಿಯಲ್ಲ. ಬೊಳ್ಳೆ, ನೀಲೆ, ಮಂಜಲೆ, ಮೈರೆ, ಕೆಮ್ಮೈರೆ, ಉರಿಯೆ—ಹೀಗೆ ಮೈಬಣ್ಣಕ್ಕೊಂದು ಹೆಸರು. ಯಾವ ದಿನ, ಯಾವ ನಕ್ಷತ್ರದಲ್ಲಿ ಯಾವ ಬಣ್ಣಕ್ಕೆ ಗೆಲವೆಂದು ಹೇಳಲು ಕುಕ್ಕುಟ ಪಂಚಾಂಗವೇ ಇದೆ! ಬ್ಯಾಂಕಿನಲ್ಲಿ ಕೂತು ಬಡ್ಡಿ ಲೆಕ್ಕ ಹಾಕುವ ನಮಗೆ ಆ ಪಂಚಾಂಗದಲ್ಲಿ ನಂಬಿಕೆಯಿಲ್ಲ. ಹುಂಜದ ಕಾಲಿಗೆ ಬಾಳು ಕಟ್ಟಿ ಕಾದಿಸುವುದನ್ನು ನಾವು ಸಮರ್ಥಿಸುವವರೂ ಅಲ್ಲ; 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆ ಅದನ್ನು ಅಪರಾಧವೆಂದೇ ಎಣಿಸಿದೆ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ನೀಲೆಗೆ ಒಂದು ದಿನ, ಮಂಜಲೆಗೆ ಒಂದು ದಿನವೆಂದು ಪಂಚಾಂಗ ಹೇಳುತ್ತಿದ್ದುದರಿಂದಲೇ ಅಪರೂಪದ ಬಣ್ಣದ ಹುಂಜವನ್ನೂ ಸಾರಿಗೆ ಹಾಕದೆ ಉಳಿಸಿಕೊಳ್ಳುವ ಕಾರಣ ಮನೆಯವರಿಗೆ ಇತ್ತು.

ಅಪರೂಪದ ಬಣ್ಣ ಉಳಿಯುವುದು ಸುಲಭವಲ್ಲ. ಸ್ಪೇನಿನ ಆಂಡಲೂಸಿಯನ್ ಎಂಬ ನೀಲಿ ಕೋಳಿಯ ಸಂಗತಿ ಪ್ರಸಿದ್ಧ. ನೀಲಿಗೆ ನೀಲಿಯನ್ನೇ ಕೂಡಿಸಿದರೂ ಮರಿಗಳಲ್ಲಿ ಸರಾಸರಿ ಅರ್ಧ ಮಾತ್ರ ನೀಲಿ. ಕಾಲು ಭಾಗ ಕಪ್ಪು, ಇನ್ನು ಕಾಲು ಭಾಗ ಕಲೆಬಿದ್ದ ಬಿಳುಪು. 20ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬೇಟ್ಸನ್, ಪನ್ನೆಟ್ ಎಂಬ ವಿಜ್ಞಾನಿಗಳು ಇದರ ಗುಟ್ಟನ್ನು ಮೆಂಡೆಲನ ನಿಯಮದಿಂದ ವಿವರಿಸಿದರು.

ಬಣ್ಣಗಳ ಮೇಲೆ ಬಿಳಿಯ ಮುಸುಕು ಬಿದ್ದುದು ಸ್ವಾತಂತ್ರ್ಯಾನಂತರ. ಎರಡನೆಯ ಪಂಚವಾರ್ಷಿಕ ಯೋಜನೆಯ (1956–61) ಕಾಲದಿಂದ ಸರಕಾರ ಮೊಟ್ಟೆಯ ಉತ್ಪಾದನೆ ಹೆಚ್ಚಿಸಹೊರಟಿತು. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿಯೂ, ನಮ್ಮ ಗೋರೆಗಾಂವದ ಆರೇ ಕಾಲನಿಯಲ್ಲಿಯೂ ಕೇಂದ್ರ ಸರಕಾರದ ಕೋಳಿಸಾಕಣೆ ಕೇಂದ್ರಗಳು ಬಂದವು. ದೇಶದಾದ್ಯಂತ ಹಬ್ಬಿದ್ದು ಇಟಲಿ ಮೂಲದ ಬಿಳಿಯ ಲೆಗ್‌ಹಾರ್ನ್. ಅದರ ಬಿಳುಪಿನ ಗುಣ ಎಷ್ಟು ಪ್ರಬಲವೆಂದರೆ, ಬಣ್ಣದ ಹೇಂಟೆಯೊಡನೆ ಕೂಡಿಸಿದರೆ ಮರಿಗಳು ಬಹುಮಟ್ಟಿಗೆ ಬಿಳಿಯವೇ. ಆಮೇಲೆ ಬ್ರಾಯ್ಲರ್ ಬಂದಿತು. ಗರಿ ಕಿತ್ತಮೇಲೆ ಚರ್ಮದಲ್ಲಿ ಕಪ್ಪು ಮೊಳಕೆ ಕಾಣಬಾರದೆಂದು ಅದನ್ನೂ ಬಿಳಿಯಾಗಿಯೇ ಬೆಳೆಸಿದರು. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಅಂಗಡಿಯ ಪಂಜರದಲ್ಲಿ ನೋಡಿದ್ದು ಇದನ್ನೇ. ಕೋರಿ ರೊಟ್ಟಿಯನ್ನು ಚಪ್ಪರಿಸುವಾಗ ಕೋಳಿ ಯಾವ ಬಣ್ಣದ್ದಿತ್ತೆಂದು ಯಾರು ಕೇಳುತ್ತಾರೆ?

ಹಳ್ಳಿಯ ಹೆಂಗಸರು ಮಾತ್ರ ಬಣ್ಣವನ್ನು ಬಿಡಲಿಲ್ಲ. ಹಿತ್ತಲಲ್ಲಿ ಮೇಯುವ ಬಿಳಿಯ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1989ರಲ್ಲಿ ಹಿತ್ತಲ ಸಾಕಣೆಗೆಂದು ಗಿರಿರಾಜ ಕೋಳಿಯನ್ನು ಹೊರತಂದಾಗ ಅದು ಬಣ್ಣದ ಗರಿಯ ಕೋಳಿಯೇ ಆಗಿತ್ತು. ಆದರೆ ಗಿರಿರಾಜದ ಮೈಮೇಲೆ ಎಷ್ಟು ಬಣ್ಣವಿದ್ದರೂ ಹೆಸರು ಒಂದೇ.

ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು 1988ರಿಂದ 1997ರ ವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟನ್ನು ಪ್ರಕಟಿಸಿ ಮಹೋಪಕಾರ ಮಾಡಿತು. ಆದರೆ ನಿಘಂಟು ಶಬ್ದವನ್ನು ಕಾಪಾಡೀತೇ ಹೊರತು ಗರಿಯನ್ನು ತೋರಿಸಲಾರದು. ಮೈರೆಗೂ ಕೆಮ್ಮೈರೆಗೂ ಕೊರಳಿನಲ್ಲಿ ಭೇದವೋ ರೆಕ್ಕೆಯಲ್ಲೋ ಎಂದು ಬೆರಳಿಟ್ಟು ತೋರಿಸಬಲ್ಲ ಅಜ್ಜಂದಿರು ಈ ನಗರದ ನಮ್ಮ ಮನೆಗಳಲ್ಲಿಯೂ ಇದ್ದಾರೆ. ಈ ಸಲ ರಜೆಯಲ್ಲಿ ಊರಿಗೆ ಹೊರಡುವವರು ಅವರನ್ನೂ ಕರೆದುಕೊಂಡು ಹೋಗಿ, ಹಿತ್ತಲಲ್ಲಿ ಹುಂಜವಿದ್ದರೆ ಹೆಸರು ಕೇಳಿ, ಚಿತ್ರ ತೆಗೆದು ಕೆಳಗೆ ಬರೆದಿಟ್ಟುಕೊಳ್ಳಲಿ.