ರಕ್ತದ ಮೇದಸ್ಸೂ ಕರುಳಿನ ಸೂಕ್ಷ್ಮಜೀವಿಗಳೂ

ವಾಗ್ಭಟಾಚಾರ್ಯರು ಮಂದಾಗ್ನಿಯೇ ಸರ್ವರೋಗಗಳಿಗೂ ಮೂಲವೆಂದು ಹೇಳಿರುವುದು ಸುವಿದಿತವಾಗಿದೆ. ಭಾರತದಲ್ಲಿ ಎಚ್.ಐ.ವಿ. ಎಂಬ ವೈರಾಣುವು 1986ರಲ್ಲಿ ಮದರಾಸಿನಲ್ಲಿ ಮೊದಲು ಪತ್ತೆಯಾಯಿತು. 2004ರ ಏಪ್ರಿಲ್ 1ರಿಂದ ಸರಕಾರದ ಉಚಿತ ಚಿಕಿತ್ಸೆಯು ಆರಂಭವಾಯಿತು. ಈಗ ಕೈಬಿಟ್ಟಿರುವ ಸ್ಟಾವುಡಿನ್ ಎಂಬ ಅಂದಿನ ಔಷಧವು ಪ್ರಾಣಗಳನ್ನುಳಿಸಿತಾದರೂ ಕೆಲವರ ಕೆನ್ನೆಗಳನ್ನು ಬತ್ತಿಸಿ ರಕ್ತದಲ್ಲಿ ಮೇದಸ್ಸನ್ನು ಹೆಚ್ಚಿಸಿತು. ಆದರೆ ದೋಷವೆಲ್ಲವೂ ಔಷಧದ್ದಲ್ಲ. ಅದನ್ನು ಸೇವಿಸದ ರೋಗಿಗಳಲ್ಲಿಯೂ ಟ್ರೈಗ್ಲಿಸರೈಡೆಂಬ ಮೇದಸ್ಸು ಏರುತ್ತಿದ್ದುದು ಮೊದಲೇ ಕಂಡುಬಂದಿತ್ತು. ಮಂಡ್ಯದಲ್ಲಿ ವೈದ್ಯವಿಜ್ಞಾನ ಸಂಸ್ಥೆಯು ಸ್ಥಾಪಿತವಾದ 2006ರಲ್ಲಿಯೇ ಅಮೆರಿಕೆಯ ಬ್ರೆಂಚ್ಲಿ ಮೊದಲಾದವರು ಒಂದು ಸಂಗತಿಯನ್ನು ಪ್ರಕಟಿಸಿದರು: ವೈರಾಣುವು ಕರುಳಿನ ರಕ್ಷಕಕಣಗಳನ್ನು ನಾಶಮಾಡಲು, ಅಲ್ಲಿಯ ಬ್ಯಾಕ್ಟೀರಿಯಾಗಳ ಅಂಶಗಳು ರಕ್ತಕ್ಕೆ ಸೋರಿ ಶರೀರವನ್ನು ಕೆರಳಿಸುವುವು. ಈ ಕೆರಳಿಕೆಯು ಮೇದಸ್ಸನ್ನೂ ಏರಿಸಬಲ್ಲದು. ಆದುದರಿಂದ ಮದ್ದೂರು, ಮಳವಳ್ಳಿ ಸೀಮೆಗಳ ರೋಗಿಯು ಮೇದಸ್ಸಿಗಂಜಿ ಔಷಧವನ್ನು ಬಿಡತಕ್ಕದ್ದಲ್ಲ. ಬಿಟ್ಟರೆ ವೈರಾಣುವು ಪ್ರಬಲಿಸಿ ಕರುಳಿನ ಬೇಲಿಯೇ ಮುರಿಯುವುದು.